ಕುಡುಗೋಲಿಗೆ ಮೀಸಲಾದ ಹುಲ್ಲು

ಇಂಗ್ಲೆಂಡಿಗೆ ಹೋಗಿ ಬಂದೆ ಎಂದ ತಕ್ಷಣ ಕೊಟ್ಟೂರಿನಲ್ಲಿ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಲಂಡನ್ ಹೆಂಗೈತ್ರಿ ಟೀಚರ್? ನಾನು ಲಂಡನ್ ನೋಡಲಿಲ್ಲ. ನಮ್ಮ ವಿಮಾನ ಇಳಿದದ್ದು ಬೇರೆ ಊರಿನಲ್ಲಿ. ಅಲ್ಲಿಂದ ಕಾರಿನಲ್ಲಿ ಎರಡು ತಾಸು ಉತ್ತರಕ್ಕೆ ಹೋಗಿ ಒಂದು ಕಣಿವೆಯಲ್ಲಿ ಇಳಿದೆವು, ಎಂಟು ದಿನ ಅಲ್ಲೇ ಇದ್ದೆವು. ಅರಮನೆ, ಗಡಿಯಾರದ ಗೋಪುರ, ನದಿಯ ಮೇಲಿನ ಸೇತುವೆ, ಯಾವುದೂ ಇಲ್ಲ. ನಾನು ಸರಿಯಾಗಿ ನೋಡಿದ್ದು ಒಂದು ಹುಲ್ಲಿನ ಹೊಲ. ಅದಕ್ಕೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆ ಎಂದು ನನಗೆ ಗೊತ್ತಿತ್ತು, ಆ ಮಾತಿನ ಅರ್ಥವೂ ಗೊತ್ತಿದೆ ಎಂದು ಮೂವತ್ತೊಂದು ವರ್ಷ ನಂಬಿದ್ದೆ. ಆ ನಂಬಿಕೆಯಿಂದ ಅಲ್ಲಿ ನನ್ನ ಅಣ್ಣನ ಮಾನ ಹೋಯಿತು. ಅದನ್ನು ಬಿಟ್ಟು ಬೇರೆ ಏನು ಬರೆದರೂ ಸುಳ್ಳು ಬರೆದಂತಾಗುತ್ತದೆ.

ಹೊರಡುವ ಮುಂಚೆ

ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತಳಾದವಳು. ಹೆಸರು ಹಾಲಮ್ಮ. ತವರು ಕೂಡ್ಲಿಗಿ ತಾಲ್ಲೂಕಿನ ಹಳ್ಳಿ, ಕುರಿ ಸಾಕುವ ಮನೆ. ಅಣ್ಣ ಬೀರಪ್ಪ ನನಗಿಂತ ಆರು ವರ್ಷ ದೊಡ್ಡವನು. ಶಾಲೆಯ ಕಟ್ಟೆ ಹತ್ತಿದವನಲ್ಲ, ಆದರೆ ಕುರಿ ಕೆಮ್ಮಿದ್ದು ಕೇಳಿಯೇ ಅದಕ್ಕೆ ಏನಾಗಿದೆ ಎಂದು ಹೇಳುತ್ತಾನೆ. ಸುಗ್ಗಿ ಮುಗಿದ ಮೇಲೆ ಹಿಂಡು ಹೊಡೆದುಕೊಂಡು ಹರಪನಹಳ್ಳಿ ಕಡೆ ಕಟಾವಾದ ಹೊಲಗಳಲ್ಲಿ ಮೇಯಿಸುತ್ತಾನೆ. ಆಮೇಲೆ ಹಡಗಲಿ ಸೀಮೆಯ ಹೊಳೆ ದಂಡೆ. ಬಿಸಿಲು ಏರಿದಾಗ ಹಗರಿಬೊಮ್ಮನಹಳ್ಳಿ ಕಡೆಗೆ, ಅಲ್ಲಿ ಅಣೆಕಟ್ಟಿನ ಹಿನ್ನೀರು ಇಳಿದ ನೆಲದಲ್ಲಿ ಹಸಿರು ಹುಲ್ಲು ಏಳುತ್ತದೆ. ನೀರು ಬಿಟ್ಟುಕೊಟ್ಟ ಆ ಹುಲ್ಲನ್ನು ಮೊದಲು ಬಂದವನ ಹಿಂಡು ಮೊದಲು ಮೇಯುತ್ತದೆ. ನಮ್ಮ ಪಾಲಿಗೆ ಹುಲ್ಲು ಎಂದರೆ ಅದು: ಯಾರೂ ಬಿತ್ತದ್ದು, ಯಾರೂ ಬೇಲಿ ಹಾಕದ್ದು, ಕುರಿಯ ಬಾಯಿಗೆಂದೇ ಬಂದದ್ದು.

ಕುರಿ ಸಾಕುವವರು ಒಬ್ಬರ ಊರಿಗೆ ಒಬ್ಬರು ಹೋಗಿ ಇದ್ದು ಬರಲಿ ಎಂದು ಒಂದು ಸಂಘದವರು ಏರ್ಪಾಡು ಮಾಡಿದ್ದರು. ಹೋದ ಚಳಿಗಾಲದಲ್ಲಿ ಹೆಲೆನ್ ಎಂಬ ಐವತ್ತು ದಾಟಿದ ಹೆಣ್ಣುಮಗಳು ಅಲ್ಲಿಂದ ಬಂದು ಅಣ್ಣನ ಹಟ್ಟಿಯಲ್ಲಿ ನಾಲ್ಕು ದಿನ ಇದ್ದು ಹೋಗಿದ್ದರು. ಅಣ್ಣ ಎರಡನೆಯ ದಿನವೇ ತನ್ನ ಕೋಲು ಅವರ ಕೈಗೆ ಕೊಟ್ಟು, ಹಿಂಡನ್ನು ಅವರ ವಶಕ್ಕೆ ಬಿಟ್ಟು, ಗಿಡದ ನೆರಳಿಗೆ ಹೋಗಿ ಕೂತಿದ್ದ. ಕುರಿ ಕಾಯುವವನು ಇನ್ನೊಬ್ಬರಿಗೆ ಕೊಡುವ ದೊಡ್ಡ ಮರ್ಯಾದೆ ಅದು. ಈಗ ಅಣ್ಣ ಅಲ್ಲಿಗೆ ಹೋಗುವ ಸರದಿ ಬಂದಿತ್ತು. ಮಾತು ತಿಳಿಸಿ ಹೇಳಲು ಜೊತೆಗೊಬ್ಬರು ಬೇಕು. ಮನೆಯಲ್ಲಿ ಇಂಗ್ಲಿಷ್ ಬಲ್ಲವಳು ನಾನೇ ಎಂದು ಎಲ್ಲರೂ ಹೇಳಿದರು, ನಾನೂ ಅಲ್ಲ ಎನ್ನಲಿಲ್ಲ.

ವಿಮಾನ ನಿಲ್ದಾಣದಲ್ಲಿ ಅಣ್ಣನ ಚೀಲ ಬಿಚ್ಚಿಸಿದರು. ಕಂಬಳಿ, ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ, ಇವುಗಳ ನಡುವೆ ಬಟ್ಟೆಯಲ್ಲಿ ಗಂಟು ಕಟ್ಟಿದ ಹಳದಿ ಪುಡಿ. ಅದು ಮೈಲಾರಲಿಂಗನ ಭಂಡಾರ. ಅಧಿಕಾರಿ ಇದೇನು ಎಂದಾಗ ನಾನು ಅರಿಶಿನ ಎಂದೆ. ಅಡುಗೆಗೋ ಎಂದು ಕೇಳಿದರು. ಹಣೆಗೆ ಎಂದೆ. ಆತ ನನ್ನ ಮುಖ ನೋಡಿ, ಅಣ್ಣನ ಮುಖ ನೋಡಿ, ಗಂಟನ್ನು ಮೊದಲಿನಂತೆಯೇ ಕಟ್ಟಿಕೊಟ್ಟರು. ಇಷ್ಟು ಹೇಳಿ ಗೆದ್ದದ್ದಕ್ಕೆ ನನಗೆ ಒಳಗೊಳಗೇ ಜಂಬ ಬಂತು. ನಾನಿಲ್ಲದಿದ್ದರೆ ಅಣ್ಣನ ಗತಿ ಏನು ಎಂದುಕೊಂಡೆ.

ಮೊದಲ ದಿನ: ಕಾಯುವವರಿಲ್ಲದ ಕುರಿ

ಆ ಕಣಿವೆಯಲ್ಲಿ ಎತ್ತ ನೋಡಿದರೂ ಕಲ್ಲಿನ ಗೋಡೆ. ಗಾರೆ ಇಲ್ಲ, ಮಣ್ಣಿಲ್ಲ, ಕಲ್ಲಿನ ಮೇಲೆ ಕಲ್ಲು ಜೋಡಿಸಿ ಗುಡ್ಡದ ತುದಿಯವರೆಗೆ ಎಳೆದಿದ್ದಾರೆ. ಗೋಡೆಯ ಒಳಗೆಲ್ಲ ಕುರಿಗಳು. ದಪ್ಪ ಉಣ್ಣೆಯ, ಕಪ್ಪು ಮುಖದ ಕುರಿಗಳು. ಅಣ್ಣ ಕಾರಿನ ಕಿಟಕಿಯಿಂದ ಬಹಳ ಹೊತ್ತು ನೋಡಿದ. ಕುರಿ ಅದಾವು, ಕಾಯವ್ರು ಎಲ್ಲಿ ಅದಾರ ಎಂದು ಕೇಳಿದ. ಕಾಯುವವರು ಬೇಕಿಲ್ಲ, ಗೋಡೆ ಇದೆ ಎಂದು ಹೆಲೆನ್ ಹೇಳಿದ್ದನ್ನು ನಾನು ತಿಳಿಸಿದೆ. ಅವನಿಗೆ ಅದು ಸರಿಬರಲಿಲ್ಲ. ಹೆತ್ತವರಿಲ್ಲದ ಮಕ್ಕಳನ್ನು ನೋಡುವ ಹಾಗೆ ಆ ಕುರಿಗಳನ್ನು ನೋಡುತ್ತಿದ್ದ.

ಹೆಲೆನ್ ಅವರ ತಂದೆ ಆರ್ಥರ್‌ಗೆ ಎಂಬತ್ತು ದಾಟಿದೆ. ಅವರ ಇಂಗ್ಲಿಷ್ ನಾನು ಕಲಿಸಿದ ಇಂಗ್ಲಿಷ್ ಅಲ್ಲ. ಅರ್ಧ ಮಾತು ನುಂಗುತ್ತಾರೆ, ಉಳಿದರ್ಧ ಮೂಗಿನಲ್ಲಿ ಬರುತ್ತದೆ. ಅವರಿಗೂ ಅಣ್ಣನಿಗೂ ಮಾತ್ರ ನನ್ನ ಹಂಗೇ ಬೇಕಾಗಲಿಲ್ಲ. ಬಂದ ಸಂಜೆಯೇ ಅಂಗಳದಲ್ಲಿದ್ದ ಒಂದು ಕುರಿಯ ಬಾಯಿ ತೆರೆದು ಹಲ್ಲು ನೋಡಿ ಅಣ್ಣ ನಾಲ್ಕು ಬೆರಳು ತೋರಿಸಿದ. ಆರ್ಥರ್ ತಲೆಯಾಡಿಸಿ ಇನ್ನೊಂದರ ಬಾಯಿ ತೆರೆದರು. ಹೀಗೆ ಇಬ್ಬರೂ ಹತ್ತಾರು ಕುರಿಗಳ ವಯಸ್ಸು ಹೇಳಿ ಮುಗಿಸಿದರು. ಊಟಕ್ಕೆ ಕೂತಾಗ ಅಣ್ಣ ಚಟ್ನಿಪುಡಿ ಬಡಿಸಿದ. ಆರ್ಥರ್ ಬೇಯಿಸಿದ ಆಲೂಗಡ್ಡೆಗೆ ಹಚ್ಚಿಕೊಂಡು ತಿಂದು, ಕಣ್ಣೀರು ಒರೆಸಿಕೊಂಡು, ಇನ್ನೊಂದಿಷ್ಟು ಕೇಳಿದರು.

ಅಲ್ಲಿನವರ ರೀತಿಗಳು ಕೆಲವು ನನಗೆ ನಗು ತರಿಸಿದವು. ಮನೆಗೆ ಯಾರಾದರೂ ಬಂದರೆ ಮೊದಲು ನಾಯಿಯನ್ನು ಹೆಸರು ಹಿಡಿದು ಮಾತಾಡಿಸುತ್ತಾರೆ, ಮನುಷ್ಯರ ಸರದಿ ಆಮೇಲೆ. ನೀವು ಅವರ ಕಾಲು ತುಳಿದರೆ ಅವರೇ ಕ್ಷಮೆ ಕೇಳುತ್ತಾರೆ. ಹವಾಮಾನದ ಮಾತು ಮುಗಿಯದೆ ಬೇರೆ ಮಾತು ಶುರುವಾಗುವುದಿಲ್ಲ. ನಮ್ಮಲ್ಲೂ ಮಳೆಯ ಮಾತು ಉಂಟು, ಆದರೆ ನಾವು ಬರಲಿ ಎಂದು ಆಡುತ್ತೇವೆ. ಅವರು ಮೂರು ದಿನ ಬಾರದಿದ್ದರೆ ಸಾಕು ಎಂದು ಆಡುತ್ತಿದ್ದರು. ಯಾಕೆ ಮೂರೇ ದಿನ ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ.

ಎರಡನೆಯ ದಿನ: ಗೇಟಿನ ಹಲಗೆ

ಮನೆಯ ಕೆಳಗೆ, ಹಳ್ಳದ ಪಕ್ಕ, ಮೊಣಕಾಲಿಗಿಂತ ಮೇಲೆ ಹುಲ್ಲು ಬೆಳೆದ ಒಂದು ಹೊಲ. ಹುಲ್ಲಿನ ನಡುವೆ ಹಳದಿ, ನೇರಳೆ, ಬಿಳಿ ಹೂ. ಗಾಳಿ ಬಂದಾಗ ಇಡೀ ಹೊಲ ಒಂದೇ ಕಡೆ ಬಾಗುತ್ತಿತ್ತು. ಅದರಲ್ಲಿ ಒಂದು ಕುರಿಯೂ ಇಲ್ಲ. ಮೇಲಿನ ಗುಡ್ಡದಲ್ಲಿ ನೂರಾರು ಕುರಿ, ಅಲ್ಲಿ ಹುಲ್ಲು ಕ್ಷೌರ ಮಾಡಿದಂತೆ ಗಿಡ್ಡ. ಇಲ್ಲಿ ಇಷ್ಟು ಹುಲ್ಲಿಟ್ಟು ಅಲ್ಲಿ ಯಾಕೆ ಕೆರೆಸುತ್ತಾರೆ ಎಂದು ಅಣ್ಣ ಗೊಣಗಿದ.

ಹೊಲದ ಗೇಟಿಗೆ ಒಂದು ಚಿಕ್ಕ ಹಲಗೆ ಇತ್ತು. ಮೇಲೆ ಹೊಲದ ಹೆಸರು, ಲೋ ಮೆಡೊ. ಕೆಳಗೆ ಚಿಕ್ಕ ಅಕ್ಷರದಲ್ಲಿ, ನಡೆಯುವವರು ಒಬ್ಬರ ಹಿಂದೆ ಒಬ್ಬರು ನಡೆಯಬೇಕೆಂಬ ವಿನಂತಿ. ಹೊಲದ ನಡುವೆ ಹಾದುಹೋದ ಕಾಲುದಾರಿಯಲ್ಲಿ ಊರವರು ಹಾಗೆಯೇ ಹೋಗುತ್ತಿದ್ದರು, ಗಂಡ ಮುಂದೆ, ಹೆಂಡತಿ ಹಿಂದೆ, ನಾಯಿ ಅವರ ಹಿಂದೆ. ಇರಿವಿ ಸಾಲು ಹೊಂಟಂಗ ಹೋಗ್ತಾರಲ್ಲ ಎಂದು ಅಣ್ಣ ನಕ್ಕ. ಒಂದು ಎಸಳು ಹುಲ್ಲೂ ತುಳಿಯಬಾರದೆಂಬ ಕಾಳಜಿ ಅದು ಎಂದು ಇಬ್ಬರಿಗೂ ಹೊಳೆಯಲಿಲ್ಲ. ಅಣ್ಣ ಹಲಗೆ ತೋರಿಸಿ ಏನು ಬರೆದಿದ್ದಾರೆ ಎಂದು ಕೇಳಿದ.

ಮೆಡೊ. ಪಾಠದ ಕೊನೆಯಲ್ಲಿ ಕಠಿಣ ಪದಗಳ ಪಟ್ಟಿ ಇರುತ್ತದಲ್ಲ, ಅದರಲ್ಲಿ ವರ್ಷವರ್ಷವೂ ಬರುತ್ತಿದ್ದ ಪದ. ನಾನು ಬೋರ್ಡಿನ ಮೇಲೆ ಬರೆದು, ಎದುರಿಗೆ ಹುಲ್ಲುಗಾವಲು ಎಂದು ಬರೆದು, ಅಂದರೆ ಕುರಿ ದನ ಮೇಯುವ ಜಾಗ ಎಂದು ಬಿಡಿಸಿ ಹೇಳುತ್ತಿದ್ದೆ. ಮಕ್ಕಳು ಹಾಗೇ ಬರೆದು ಅಂಕ ಪಡೆದಿದ್ದಾರೆ. ಈಗಲೂ ಅದೇ ದನಿಯಲ್ಲಿ, ಅದೇ ಖಾತ್ರಿಯಲ್ಲಿ ಅಣ್ಣನಿಗೆ ಹೇಳಿದೆ:

"ಕುರಿ ಮೇಯೋ ಹುಲ್ಲುಗಾವಲು ಅಂತ ಬರದಾರ ಅಣ್ಣ."

"ಮತ್ತ ಕುರಿ?"

"ನಾಳಿ ನಾಡಿದ್ದು ಬಿಡ್ತಾರೇಳು."

ಮೂರನೆಯ ದಿನ: ಅಣ್ಣ ಕೈ ಬೀಸಿದ

ಮರುದಿನ ಉಣ್ಣೆ ಕತ್ತರಿಸುವವರು ಬರುವವರಿದ್ದರು. ಅದಕ್ಕಾಗಿ ಈ ದಿನ ಬೆಳಿಗ್ಗೆಯೇ ಸುಮಾರು ಎಪ್ಪತ್ತು ಕುರಿಗಳನ್ನು ಗುಡ್ಡದಿಂದ ಇಳಿಸಿ, ಆ ಹೊಲಕ್ಕೆ ಅಂಟಿಕೊಂಡ ಕಲ್ಲಿನ ದೊಡ್ಡಿಯಲ್ಲಿ ಕೂಡಿಹಾಕಿದರು. ದೊಡ್ಡಿಯಲ್ಲಿ ಹುಲ್ಲಿನ ಎಳೆ ಇಲ್ಲ. ಕತ್ತರಿಸುವ ಮುಂಚೆ ಅಲ್ಲಿ ಕುರಿಯ ಹೊಟ್ಟೆ ಖಾಲಿ ಇಡುತ್ತಾರಂತೆ. ನಮ್ಮಲ್ಲಿ ಹಳ್ಳಕ್ಕೆ ಇಳಿಸಿ ಮೈತೊಳೆದು, ಮರದ ಕೆಳಗೆ ಕೆಡವಿಕೊಂಡು ಕತ್ತರಿ ಹಿಡಿಯುವ ಪದ್ಧತಿ. ಹೊಟ್ಟೆಯ ಲೆಕ್ಕ ನಮಗೆ ಗೊತ್ತಿಲ್ಲ. ಹೆಲೆನ್ ಪೇಟೆಗೆ ಹೊರಟಾಗ ನಾನೂ ಕಾರು ಹತ್ತಿದೆ. ಆರ್ಥರ್ ಒಳಗೆ ಮಲಗಿದ್ದರು. ಅಣ್ಣ ಅಂಗಳದಲ್ಲಿ ಒಬ್ಬನೇ.

ನಮ್ಮ ಕುರಿಗಾರರಲ್ಲಿ ಒಂದು ಕಟ್ಟಳೆ ಇದೆ, ಯಾರೂ ಬರೆದಿಟ್ಟದ್ದಲ್ಲ. ಒಬ್ಬನ ಹಿಂಡು ಹಟ್ಟಿಯಲ್ಲಿ ಹಸಿದು ಒದರುತ್ತಿದ್ದು, ಒಡೆಯ ಹತ್ತಿರದಲ್ಲಿ ಇಲ್ಲದಿದ್ದರೆ, ದಾರಿಯಲ್ಲಿ ಹೋಗುವ ಇನ್ನೊಬ್ಬ ಕುರಿಗಾರ ಆ ಹಿಂಡನ್ನು ಬಿಟ್ಟು ಮೇಯಿಸಿ ತಂದು ಕೂಡುತ್ತಾನೆ. ಒಡೆಯ ಆಮೇಲೆ ಬಂದು ಒಂದು ಮಾತೂ ಕೇಳುವುದಿಲ್ಲ. ಕೇಳಿದರೆ ಅವಮಾನ. ಜ್ವರ ಬಂದೋ ಸಾವಿನ ಸುದ್ದಿ ಬಂದೋ ಒಡೆಯ ಹೋಗಿರುತ್ತಾನೆ, ಹಿಂಡು ಎಲ್ಲರದೂ.

ನಾವು ಪೇಟೆಯಿಂದ ತಿರುಗಿ ಬಂದಾಗ ಮಧ್ಯಾಹ್ನವಾಗಿತ್ತು. ತಿರುವಿನಲ್ಲಿ ಹೊಲ ಕಂಡಿತು. ಹೊಲದ ತುಂಬ ಕುರಿ. ನಡುವೆ ಅಣ್ಣ, ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಆರ್ಥರ್ ಅವರ ಕೋಲು. ಬಾಯಲ್ಲಿ ಹುರ್ರ್ ಎಂದು ಸದ್ದು ಮಾಡುತ್ತ ಹಿಂಡನ್ನು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ನಡೆಸುತ್ತಿದ್ದ. ಆ ಪರದೇಶಿ ಕುರಿಗಳು ಅವನ ಮಾತು ಕೇಳುತ್ತಿದ್ದವು. ಊರು ಬಿಟ್ಟ ಮೇಲೆ ಅವನ ಮುಖ ಅಷ್ಟು ಅರಳಿದ್ದನ್ನು ನಾನು ನೋಡಿರಲಿಲ್ಲ. ಕಾರು ಕಂಡು ಕೈ ಬೀಸಿದ.

ಹೆಲೆನ್ ಕಾರು ನಿಲ್ಲಿಸಿದರು. ಕೂಗಲಿಲ್ಲ. ಬಾಯಿಯ ಮೇಲೆ ಕೈ ಇಟ್ಟುಕೊಂಡು ನೋಡಿದರು, ಆಮೇಲೆ ಇಳಿದು ನಾಯಿಗೆ ಸೀಟಿ ಹಾಕಿದರು. ಐದು ನಿಮಿಷದಲ್ಲಿ ಎಲ್ಲ ಕುರಿಗಳೂ ದೊಡ್ಡಿಗೆ ಬಂದವು. ಹೊಲದ ಅರ್ಧದಷ್ಟು ಹುಲ್ಲು ನೆಲಕ್ಕೆ ಮಲಗಿತ್ತು, ಹೂಗಳೆಲ್ಲ ಗೊರಸಿನಡಿ ಕಲಸಿಹೋಗಿದ್ದವು. ಅಣ್ಣ ಗೇಟಿನ ಬಳಿ ಬಂದು ನಿಂತ. ಏನೋ ಕೆಟ್ಟದ್ದಾಗಿದೆ ಎಂದು ಅವನಿಗೆ ಗೊತ್ತಾಗಿತ್ತು, ಏನೆಂದು ಗೊತ್ತಿರಲಿಲ್ಲ.

ಯಾಕೆ ಬಿಟ್ಟರೆಂದು ಕೇಳಿ ಎಂದು ಹೆಲೆನ್ ನನಗೆ ಹೇಳಿದರು. ಕೇಳಿದೆ. ಅಣ್ಣ ಹೆಲೆನ್ ಅವರ ಮುಖವನ್ನೇ ನೋಡುತ್ತ, ನಿಧಾನವಾಗಿ ಹೇಳಿದ:

"ಕುರಿ ಹಸದು ಒದರಾಕತ್ತಿದ್ವು. ಯಜಮಾನ್ರು ಮಲಗಿದ್ರು, ಮನ್ಯಾಗ ಬ್ಯಾರೆ ಯಾರೂ ಇದ್ದಿಲ್ಲ. ಪಕ್ಕದಾಗ ಹುಲ್ಲೈತಿ. ಇದು ಕುರಿ ಮೇಯೋ ಜಾಗ ಅಂತ ಹಲಗಿ ಓದಿ ನೀನ ಹೇಳಿದ್ದಿ. ಇಲ್ಲಂದ್ರ ನಾನು ಗೇಟು ಮುಟ್ತಿದ್ದಿಲ್ಲ ಅಂತ ಹೇಳು ತಂಗಿ."

ನಾನು ಹೆಲೆನ್ ಕಡೆ ತಿರುಗಿದೆ. ಕುರಿಗಳು ಹಸಿದಿದ್ದವು, ಅವನಿಗೆ ತಿಳಿಯಲಿಲ್ಲ ಎಂದೆ. ಅಷ್ಟೇ ಹೇಳಿದೆ.

ಅದೇ ಸಂಜೆ

ನನ್ನದೇ ತಪ್ಪು, ಮೊದಲೇ ಹೇಳಬೇಕಿತ್ತು, ಕ್ಷಮಿಸಿ ಎಂದು ಹೆಲೆನ್ ಮೂರು ಸಲ ಅಂದರು. ಅಷ್ಟು ಕ್ಷಮೆ ಕೇಳಿದ ಮೇಲೂ ನಾನು ಬಾಯಿ ಬಿಡಲಿಲ್ಲ. ಅಡುಗೆಮನೆಯಲ್ಲಿ ಕೂರಿಸಿ ಅವರು ತಿಳಿಸಿ ಹೇಳಿದರು. ಆ ಹೊಲಕ್ಕೆ ವಸಂತದಲ್ಲೇ ಗೇಟು ಹಾಕುತ್ತಾರೆ. ಬೇಸಿಗೆಯಲ್ಲಿ ಮೂರು ದಿನ ಒಣಹವೆ ಸಿಕ್ಕಾಗ ಹುಲ್ಲು ಕೊಯ್ದು, ಒಣಗಿಸಿ, ಕಟ್ಟಿ ಕೊಟ್ಟಿಗೆಗೆ ತುಂಬುತ್ತಾರೆ. ಹಿಮ ಬಿದ್ದ ತಿಂಗಳುಗಳಲ್ಲಿ ಕುರಿಗಳಿಗೆ ಅದೇ ಗತಿ. ತುಳಿದು ಮಲಗಿದ ಹುಲ್ಲನ್ನು ಯಂತ್ರ ಎತ್ತುವುದಿಲ್ಲ, ಮಳೆ ಬಂದರೆ ಅಲ್ಲೇ ಕೊಳೆಯುತ್ತದೆ.

ಇದನ್ನು ಅಣ್ಣನಿಗೆ ಹೇಳಿದೆ. ಇದನ್ನಾದರೂ ಪೂರ್ತಿ ಹೇಳಿದೆ. ಅವನು ಕೇಳಿ ಮುಗಿಸಿ ಕಂಬಳಿಯನ್ನು ಮಡಿಲಿಗೆ ಎಳೆದುಕೊಂಡ.

"ಹಂಗಾರ ಅದು ಬೆಳಿ," ಅಂದ. "ನಾನು ಮಂದಿ ಬೆಳಿ ಮೇಯಿಸೀನಿ."

ಕುರಿ ಕಾಯುವವನಿಗೆ ಇದಕ್ಕಿಂತ ದೊಡ್ಡ ಬೈಗುಳ ಇಲ್ಲ. ಹರಪನಹಳ್ಳಿಯಿಂದ ಹಡಗಲಿವರೆಗೆ ನೂರಾರು ಹೊಲಗಳ ಬದುವಿನ ಮೇಲೆ ಹಿಂಡು ನಡೆಸಿದವನು ಅವನು. ಎಡಕ್ಕೆ ಜೋಳ, ಬಲಕ್ಕೆ ಶೇಂಗಾ, ನಡುವೆ ಒಂದು ಗಾಡಿ ಅಗಲದ ದಾರಿ. ಬೀರಪ್ಪನ ಕುರಿ ಹಾದುಹೋದರೆ ತೆನೆ ಅಲುಗಾಡುವುದಿಲ್ಲ ಎಂದು ರೈತರು ಹೇಳುತ್ತಿದ್ದರು. ಅವನನ್ನು ಕರೆಕರೆದು ತಮ್ಮ ಹೊಲದಲ್ಲಿ ಗೊಬ್ಬರಕ್ಕೆ ಕುರಿ ನಿಲ್ಲಿಸಿಕೊಳ್ಳುತ್ತಿದ್ದದ್ದು ಅದಕ್ಕೇ. ಅಂಥವನು ಆವತ್ತು ಊಟಕ್ಕೆ ಏಳಲಿಲ್ಲ.

ಮುಂದಿನ ಕಾರ್ಯಕ್ರಮವೂ ಮೆಲ್ಲಗೆ ಬದಲಾಯಿತು. ಕುರಿಗಳ ಹೊಟ್ಟೆ ತುಂಬಿದ್ದರಿಂದ ಉಣ್ಣೆ ಕತ್ತರಿಸುವುದು ಒಂದು ದಿನ ಮುಂದೆ ಹೋಯಿತು. ಬೋಳಾದ ಕುರಿಗಳನ್ನು ಗುಡ್ಡಕ್ಕೆ ಹತ್ತಿಸಲು ಆರ್ಥರ್ ಜೊತೆ ಅಣ್ಣ ಹೋಗಬೇಕೆಂದಿತ್ತು. ಊರು ಬಿಡುವಾಗಿನಿಂದ ಅವನು ಕಾಯುತ್ತಿದ್ದದ್ದು ಆ ಒಂದು ಕೆಲಸಕ್ಕೆ. ಬೀರಪ್ಪ ದಣಿದಿರಬಹುದು, ಮನೆಯಲ್ಲೇ ಇರಲಿ ಎಂದು ಹೆಲೆನ್ ಬಹಳ ನಯವಾಗಿ ಹೇಳಿದರು. ಆರ್ಥರ್ ತಮ್ಮ ಕೋಲನ್ನು ಬಾಗಿಲ ಹಿಂದಿನಿಂದ ತೆಗೆದು ಒಳಕೋಣೆಯಲ್ಲಿಟ್ಟರು. ಅಣ್ಣ ಅದನ್ನು ನೋಡಿದ. ಅದಕ್ಕೆ ನನ್ನ ತರ್ಜುಮೆ ಬೇಕಾಗಲಿಲ್ಲ.

ನಾಲ್ಕನೆಯ ದಿನ: ಬಿಸಿಲಲ್ಲಿ ಒಂದು ಪಾಠ

ಮಾರನೆಯ ದಿನ ನಾನು ಆರ್ಥರ್ ಪಕ್ಕದಲ್ಲಿ ಗೋಡೆಯ ಮೇಲೆ ಕೂತಿದ್ದೆ. ನಿಮ್ಮಲ್ಲಿ ಮೆಡೊ ಇಲ್ಲವೇ ಎಂದು ಅವರು ಕೇಳಿದರು. ಇದೆ, ಕುರಿ ಮೇಯುತ್ತವೆ ಎಂದೆ. ಅವರು ತಲೆ ಅಲ್ಲಾಡಿಸಿದರು. ಮೇಯುವ ಜಾಗಕ್ಕೆ ಪಾಶ್ಚರ್ ಅನ್ನುತ್ತಾರೆ, ಗುಡ್ಡದ ಮೇಲಿರುವುದು ಅದು. ಮೆಡೊ ಎಂದರೆ ಕೊಯ್ಯುವ ಜಾಗ. ಕೊಯ್ಲು ಎಂಬ ಮಾತಿನ ಬೇರಿನಿಂದಲೇ ಆ ಹೆಸರು ಬಂದದ್ದು ಎಂದು ಅವರ ಶಾಲೆಯ ಮೇಷ್ಟರು ಹೇಳಿದ್ದರಂತೆ. ಹೇಳದಿದ್ದರೂ ತನಗೆ ಗೊತ್ತಿತ್ತು, ಹನ್ನೆರಡನೆಯ ವಯಸ್ಸಿನಿಂದ ಉದ್ದ ಹಿಡಿಯ ಕುಡುಗೋಲು ಬೀಸಿದ ಭುಜವಿದು ಎಂದು ಭುಜ ತಟ್ಟಿ ತೋರಿಸಿದರು.

"ಅದು ಬಾಯಿಗಲ್ಲ, ಕುಡುಗೋಲಿಗೆ," ಎಂದರು. "ಕುಡುಗೋಲು ಬಿಟ್ಟದ್ದು ಬಾಯಿಗೆ."

ಕೊಯ್ದ ಮೇಲೆ ಎರಡನೆಯ ಸಲ ಚಿಗುರುವ ಹುಲ್ಲಿಗೆ ಕುರಿಗಳನ್ನು ಬಿಡುತ್ತಾರಂತೆ. ಆ ಚಿಗುರಿನ ಹೆಸರು ಕೇಳಿ ನಾನು ಬೆಚ್ಚಿದೆ. ಆಫ್ಟರ್‌ಮ್ಯಾತ್. ಭೂಕಂಪ, ಯುದ್ಧ, ಪ್ರವಾಹದ ಸುದ್ದಿಗಳಲ್ಲಿ ಬರುವ ಮಾತು, ಅನಾಹುತದ ನಂತರದ ಪರಿಸ್ಥಿತಿ ಎಂದು ನಾನು ಕಲಿಸಿದ್ದು. ಕೊಯ್ಲಾದ ಮೇಲಿನ ಹಸಿರು ಎಂದು ನನಗೆ ಯಾರು ಹೇಳಬೇಕು. ಕೋಣೆಗೆ ಹೋಗಿ ಮೊಬೈಲಿನಲ್ಲಿ ನಿಘಂಟು ತೆಗೆದು ನೋಡಿದೆ. ಮುದುಕರು ಹೇಳಿದ್ದೆಲ್ಲ ನಿಜ. ಮೆಡೊ ಕೊಯ್ಯುವುದರಿಂದ ಬಂದದ್ದು, ಪಾಶ್ಚರ್ ಲ್ಯಾಟಿನಿನಲ್ಲಿ ಮೇಯಿಸುವುದು ಎಂಬುದರಿಂದ ಬಂದದ್ದು. ನೋಡಲು ಒಂದೇ ಹುಲ್ಲು. ಮನುಷ್ಯ ಅದರ ಮೇಲೆ ಮಾಡುವ ಕೆಲಸ ಬೇರೆ, ಅದಕ್ಕೆ ಹೆಸರೂ ಬೇರೆ.

ನಮ್ಮ ಹುಲ್ಲುಗಾವಲಿನಲ್ಲಿರುವ ಕಾವಲು ಎಂಬ ಮಾತನ್ನೂ ಕೂತು ಯೋಚಿಸಿದೆ. ಅದರೊಳಗೆ ಕಾಯುವುದು ಇದೆ. ಕುರಿಗಾಗಿ ಕಾಯುವುದೋ, ಕುರಿಯಿಂದ ಕಾಯುವುದೋ? ಹಿಂದಿನ ಕಾಲದಲ್ಲಿ ಕಾವಲಿಗೆ ಆಳಿಟ್ಟು, ಹುಲ್ಲು ಬಲಿಯುವವರೆಗೆ ಯಾರನ್ನೂ ಒಳಗೆ ಬಿಡುತ್ತಿರಲಿಲ್ಲವೆಂದು ನಮ್ಮ ಅಜ್ಜ ಹೇಳುತ್ತಿದ್ದ. ಕುರಿ ಸಾಕುವ ಮನೆಯಲ್ಲಿ ಹುಟ್ಟಿ, ಮಾತು ಕಲಿಸುವ ಕೆಲಸ ಮಾಡಿ, ಎರಡು ಭಾಷೆಯ ಎರಡು ಮಾತನ್ನೂ ನಾನು ಬಿಚ್ಚಿ ನೋಡಿರಲಿಲ್ಲ. ಪಟ್ಟಿಯಲ್ಲಿ ಅಕ್ಕಪಕ್ಕ ಇದ್ದವು, ನಾನು ಓದಿ ಹೇಳಿದೆ.

ಆದರೆ ನಿಜ ಹೇಳಬೇಕೆಂದರೆ, ಆ ದಿನ ನನ್ನನ್ನು ತಿಂದದ್ದು ತಪ್ಪು ಅರ್ಥವಲ್ಲ. ಅರ್ಥ ತಪ್ಪುವುದು ಎಲ್ಲರಿಗೂ ಆಗುತ್ತದೆ. ಅಣ್ಣ ಹೇಳು ಎಂದ ಮಾತನ್ನು ನಾನು ಹೇಳಲಿಲ್ಲ. ಇಂಗ್ಲಿಷ್ ಟೀಚರಿಗೆ ಇಂಗ್ಲಿಷ್ ಗೊತ್ತಿಲ್ಲ ಎಂದು ಆ ಮನೆಯವರ ಮುಂದೆ ತೋರಬಾರದೆಂದು, ಅಣ್ಣನಿಗೆ ಕುರಿ ಕಾಯುವುದು ಗೊತ್ತಿಲ್ಲ ಎಂದು ತೋರಲು ಬಿಟ್ಟೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಅನ್ನುತ್ತಾರಲ್ಲ, ಆ ಬೇಲಿ ನಾನು.

ಐದನೆಯ ದಿನ: ಚಹಾದ ಹೊತ್ತು

ಉಣ್ಣೆ ಕತ್ತರಿಸುವವರು ನಾಲ್ವರು ಬಂದರು, ಜೊತೆಗೆ ಅಕ್ಕಪಕ್ಕದ ಹೊಲದವರು. ಅಲ್ಲಿ ಇದೊಂದು ಕೂಡಿ ಮಾಡುವ ಕೆಲಸ, ಇಂದು ಇವರ ಮನೆ, ನಾಳೆ ಅವರ ಮನೆ. ಕರೆಂಟಿನ ಕತ್ತರಿಯಲ್ಲಿ ಎರಡು ಮೂರು ನಿಮಿಷಕ್ಕೊಂದು ಕುರಿ. ಅಣ್ಣನಿಗೆ ಅಂಗಳದ ಅಂಚಿನಲ್ಲಿ, ಚಹಾದ ಮೇಜಿನ ಪಕ್ಕ, ಒಂದು ಕುರ್ಚಿ ಹಾಕಿದ್ದರು. ಬಂದವರೆಲ್ಲ ಅವನಿಗೆ ತಲೆಬಾಗಿಸಿ ಹೋಗುತ್ತಿದ್ದರು, ಕೆಲಸಕ್ಕೆ ಯಾರೂ ಕರೆಯಲಿಲ್ಲ. ಹೊಲದ ಸುದ್ದಿ ಎಲ್ಲರಿಗೂ ತಿಳಿದಿತ್ತು. ಅವನು ಕೈ ಕಟ್ಟಿಕೊಂಡು ಕೂತಿದ್ದ. ಎಳೆಮರಿಯ ಕಾಲಿಗೆ ಹಗ್ಗ ಸುತ್ತಿಕೊಂಡದ್ದನ್ನು ಎಲ್ಲರಿಗಿಂತ ಮೊದಲು ಕಂಡವನು ಅವನೇ. ಎದ್ದು ಎರಡು ಹೆಜ್ಜೆ ಇಟ್ಟು, ಏನೋ ನೆನಪಾದವನಂತೆ ಮತ್ತೆ ಬಂದು ಕೂತ. ಅದನ್ನು ನನ್ನಿಂದ ನೋಡಲಾಗಲಿಲ್ಲ.

ಚಹಾಕ್ಕೆ ಎಲ್ಲರೂ ಸೇರಿದಾಗ ಎದ್ದು ನಿಂತೆ. ಗೇಟು ತೆರೆದದ್ದು ನನ್ನ ಅಣ್ಣನಲ್ಲ, ನಾನು ಎಂದೆ. ಹಲಗೆ ಓದಿ ಕುರಿ ಮೇಯುವ ಜಾಗ ಎಂದು ಹೇಳಿದ್ದು ನಾನು. ಆವತ್ತು ಅವನು ಅದನ್ನು ನಿಮಗೆ ತಿಳಿಸು ಎಂದ, ನಾನು ತಿಳಿಸಲಿಲ್ಲ. ನಾಚಿಕೆಯಿಂದ ಮುಚ್ಚಿಟ್ಟೆ. ಹಸಿದ ಹಿಂಡನ್ನು ಕಂಡರೆ ಮೇಯಿಸಿ ಕೂಡುವುದು ನಮ್ಮ ಕಡೆ ಕಟ್ಟಳೆ, ಅವನು ಅದನ್ನು ಮಾಡಿದ. ನಲವತ್ತೈದು ವರ್ಷದಲ್ಲಿ ಯಾರ ಬೆಳೆಗೂ ಅವನ ಕುರಿ ಬಾಯಿ ಹಾಕಿಲ್ಲ, ಮೊನ್ನೆ ಹಾಕಿದ್ದು ನನ್ನ ಮಾತು ನಂಬಿ.

ಹೆಲೆನ್ ನನ್ನನ್ನು ನೋಡಿದರು, ಆ ನೋಟದಲ್ಲಿ ಸ್ವಲ್ಪ ಸಿಟ್ಟಿತ್ತು, ನ್ಯಾಯವಾದ ಸಿಟ್ಟು. ಆಮೇಲೆ ಅಣ್ಣನ ಮುಂದೆ ಹೋಗಿ ನಿಂತು ಅವನ ಎರಡೂ ಕೈ ಹಿಡಿದರು. ಆರ್ಥರ್ ಒಳಗೆ ಹೋದರು. ಬರುವಾಗ ಕೋಲು ತಂದರು, ಅಣ್ಣನ ಕೈಗೆ ಕೊಟ್ಟು ಗುಡ್ಡದ ಕಡೆ ಗದ್ದ ಎತ್ತಿ ತೋರಿಸಿದರು. ಅಣ್ಣನಿಗೆ ನನ್ನ ಮಾತು ಒಂದೂ ತಿಳಿದಿರಲಿಲ್ಲ, ಇದು ತಿಳಿಯಿತು. ಕೋಲು ತೆಗೆದುಕೊಂಡು ಕಣ್ಣಿಗೊತ್ತಿಕೊಂಡ. ಆದರೆ ತಕ್ಷಣ ಗುಡ್ಡಕ್ಕೆ ಹೊರಡಲಿಲ್ಲ. ಕೋಲನ್ನು ಗೋಡೆಗೆ ಒರಗಿಸಿ, ಕೊಯ್ಯುವ ಸನ್ನೆ ಮಾಡಿ, ಕುಡುಗೋಲು ಕೇಳಿದ.

ಅದೇ ದಿನ, ಹೊಲದಲ್ಲಿ

ಆರ್ಥರ್ ಕೊಟ್ಟಿಗೆಯಿಂದ ಎರಡು ಸಣ್ಣ ಕುಡುಗೋಲು ಹುಡುಕಿ, ಕಲ್ಲಿಗೆ ಮಸೆದು ಕೊಟ್ಟರು. ಯಂತ್ರ ಎತ್ತಲಾರದ, ಮಲಗಿದ ಹುಲ್ಲನ್ನು ಕೈಯಲ್ಲೇ ಕೊಯ್ಯಬೇಕು. ಅಣ್ಣ ಕುಕ್ಕರುಗಾಲಲ್ಲಿ ಕೂತು ನವಣೆ ಕೊಯ್ಯುವಂತೆ ಸಾಲು ಹಿಡಿದ. ನಿಂತು ಕುಡುಗೋಲು ಬೀಸುವ ನಾಡಿನವರು ಗೋಡೆಗೆ ಆತು ಬೆರಗಿನಿಂದ ನೋಡಿದರು. ನಾನು ಪಕ್ಕದ ಸಾಲು ಹಿಡಿದೆ. ಹತ್ತು ನಿಮಿಷಕ್ಕೆ ಸೊಂಟ ಹಿಡಿಯಿತು, ಅರ್ಧ ತಾಸಿಗೆ ಅಂಗೈಯಲ್ಲಿ ಬೊಬ್ಬೆ ಎದ್ದವು. ಸೀಮೆಸುಣ್ಣ ಹಿಡಿದ ಕೈ, ಕೇಳಬೇಕೆ.

ಮೊದಲ ಸಾಲು ಮುಗಿಯುವಾಗ ಅಣ್ಣ 'ಚಾ ಹೊತ್ನ್ಯಾಗ ಏನು ಅಷ್ಟೊತ್ತು ಮಾತಾಡಿದಿ' ಎಂದು ಕೇಳಿದ. ಇಂಗ್ಲಿಷಿನಲ್ಲಿ ಹೇಳಿದ್ದಕ್ಕಿಂತ ಕನ್ನಡದಲ್ಲಿ ಹೇಳುವುದು ಕಷ್ಟವಾಯಿತು. ಅವನ ಮುಖ ನೋಡದೆ, ಹುಲ್ಲು ನೋಡುತ್ತ ಎಲ್ಲ ಹೇಳಿದೆ. ಅರ್ಥ ತಪ್ಪು ಹೇಳಿದ್ದು, ಅವನ ಮಾತನ್ನು ನುಂಗಿದ್ದು, ಎರಡು ದಿನ ಸುಮ್ಮನಿದ್ದದ್ದು. ಅವನು ಕೊಯ್ಯುವುದನ್ನು ನಿಲ್ಲಿಸಲಿಲ್ಲ.

"ನನಗ ಅವತ್ತ ಗೊತ್ತಾಗಿತ್ತು," ಅಂದ. "ನಾನು ಅಷ್ಟುದ್ದ ಹೇಳಿದ್ದೆ. ನೀನು ಇಷ್ಟ ಹೇಳಿದಿ." ಹೆಬ್ಬೆರಳನ್ನು ತೋರುಬೆರಳ ತುದಿಗೆ ಹಚ್ಚಿ ತೋರಿಸಿದ.

"ಗೊತ್ತಾಗಿ ಯಾಕ ಸುಮ್ಮಕಿದ್ದಿ ಅಣ್ಣ? ಅವಾಗ ಹೇಳಬೇಕಿಲ್ಲ?"

"ಯಾರ ಕಡಿಂದ ಹೇಳಿಸ್ಲಿ ತಂಗಿ?" ಅಂದ. "ಇಲ್ಲಿ ನನ್ನ ಬಾಯಿ ನೀನ ಇದ್ದಿ."

ಸಿಟ್ಟಿನಿಂದ ಹೇಳಲಿಲ್ಲ, ಮುಂದಿನ ಹಿಡಿ ಹುಲ್ಲಿಗೆ ಕೈ ಹಾಕುತ್ತ ಹೇಳಿದ. ನಾನು ಕೊಯ್ದ ಹುಲ್ಲಿನ ಮೇಲೆ ಕೂತುಬಿಟ್ಟು ಅತ್ತೆ.